ಚಟ್ಲಿ ಸಿಪ್ಪೆ, ಕಡಲಕಳೆ ಮತ್ತು ಉಪ್ಪಿನ ತೀರ್ಪು

ಗಂಗೊಳ್ಳಿಯ ಚಟ್ಲಿ (ಸಿಗಡಿ) ಸುಲಿದ ಮೇಲೆ ಉಳಿಯುವ ತಲೆ, ಸಿಪ್ಪೆಗಳನ್ನು ಕಂಡು ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಆ ಸಿಪ್ಪೆಯೊಳಗೆ ಕೈಟಿನ್ ಎಂಬ ಪಾಲಿಮರ್ ಇದೆ. ಆಮ್ಲದಲ್ಲಿ ನೆನೆಸಿ ಸುಣ್ಣದ ಅಂಶ ಕಳೆದು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಅದು ಕೈಟೋಸಾನ್ ಆಗುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ಕರಗಿದಾಗ ಅದರ ಎಳೆಯುದ್ದಕ್ಕೂ ಧನ ವಿದ್ಯುದಂಶ. ಕಂದು ಕಡಲಕಳೆಯಿಂದ ತೆಗೆಯುವ ಆಲ್ಜಿನೇಟ್ ಇದಕ್ಕೆ ತದ್ವಿರುದ್ಧ, ಮೈತುಂಬ ಋಣ.

ಕೈಟೋಸಾನ್ ದ್ರಾವಣಕ್ಕೆ ಆಲ್ಜಿನೇಟಿನ ಒಂದು ಹನಿ ಬಿಟ್ಟು ನೋಡಬೇಕು. ಎರಡೂ ತಿಳಿಯಾದ ದ್ರವಗಳೇ, ಆದರೂ ಹನಿ ಬೆರೆತುಹೋಗುವುದಿಲ್ಲ. ತಾಗಿದ ಕೂಡಲೇ ಅದರ ಸುತ್ತ ತೆಳ್ಳನೆಯ, ಮಬ್ಬು ಪೊರೆ ಕಟ್ಟುತ್ತದೆ.

ಧನ–ಋಣಗಳ ಸೆಳೆತ ಮಾತ್ರ ಇದಕ್ಕೆ ಕಾರಣವಲ್ಲ. ಪ್ರತಿ ಎಳೆಗೂ ಮೊದಲೇ ಪುಟ್ಟ ಅಯಾನುಗಳು ಅಂಟಿಕೊಂಡಿರುತ್ತವೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಾಗ ಆ ಅಯಾನುಗಳು ಬಿಡುಗಡೆಯಾಗಿ ನೀರಿನಲ್ಲಿ ಮನಬಂದಂತೆ ಅಲೆಯುತ್ತವೆ. ಕೂಡಿಕೆಗೆ ಬಲ ಬರುವುದು ಬಹುಪಾಲು ಈ ಬಿಡುಗಡೆಯಿಂದ. ನೀರಿನಲ್ಲಿ ಮೊದಲೇ ಉಪ್ಪು ತುಂಬಿದ್ದರೆ? ಕೋಟೇಶ್ವರದ ಕೊಡಿಹಬ್ಬದ ದಿನ ರಥಬೀದಿಗೆ ಇಳಿದವನಿಗೆ ಕಾಲಿಡಲೂ ಜಾಗವಿರದಂತೆ, ಹೊರಬಿದ್ದ ಅಯಾನಿಗೆ ಸಿಗುವ ಸ್ವಾತಂತ್ರ್ಯ ಅಷ್ಟಕ್ಕಷ್ಟೆ. ಉಪ್ಪು ಏರಿದಂತೆ ಹೆಣೆದ ಎಳೆಗಳ ಗಟ್ಟಿ ಮುದ್ದೆ ಸಡಿಲಿ ಮಂದ ದ್ರವವಾಗುತ್ತದೆ; ಇನ್ನೂ ಏರಿದರೆ ಎಳೆಗಳು ಬೇರ್ಪಟ್ಟು ಕರಗಿಯೇ ಹೋಗಬಹುದು. ಇಂಥ ಮಂದ ದ್ರವ ಬೇರ್ಪಡುವುದಕ್ಕೆ 1929ರಲ್ಲಿ ನೆದರ್ಲೆಂಡ್ಸ್‌ನ ಬುಂಗೆನ್‌ಬರ್ಗ್ ಡಿ ಯಾಂಗ್ ಮತ್ತು ಕ್ರಾಯ್ಟ್ ಕೊಅಸರ್ವೇಷನ್ ಎಂಬ ಹೆಸರಿಟ್ಟರು.

ನಮ್ಮ ಕರಾವಳಿಗೆ ಇದು ದೂರದ ವಿಷಯವಲ್ಲ. ಸಿಗಡಿ ಸಾಕಣೆಯಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಮೇವಿನೊಡನೆ ಕೊಡಲು ಕೈಟೋಸಾನ್ ಲೇಪಿಸಿದ ಆಲ್ಜಿನೇಟ್ ಮಣಿಗಳನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಆದರೆ ಇಲ್ಲಿನ ಅಳಿವೆಗಳಲ್ಲಿ ಉಪ್ಪು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಕುಂದಾಪುರದ ಪಂಚಗಂಗಾವಳಿಯಿರಲಿ, ಬ್ರಹ್ಮಾವರದ ಕಡೆ ಸೀತಾ–ಸ್ವರ್ಣಾ ಕಡಲು ಸೇರುವ ಕೋಡಿಬೇಂಗ್ರೆಯಿರಲಿ, ಬೈಂದೂರಿನ ಹೊಳೆಬಾಯಿಗಳಿರಲಿ, ಮಳೆಗಾಲದ ನೆರೆ ಉಪ್ಪನ್ನು ತಳ್ಳಿಬಿಡುತ್ತದೆ. ಬೇಸಿಗೆಯಲ್ಲಿ ಉಬ್ಬರದೊಡನೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರು ಒಳನುಗ್ಗುತ್ತದೆ. ಅದರ ಪಿಎಚ್ 8ರ ಆಸುಪಾಸು. ಅಲ್ಲಿ ಕೈಟೋಸಾನ್ ತನ್ನ ಧನ ಅಂಶವನ್ನೇ ಬಹುತೇಕ ಕಳೆದುಕೊಳ್ಳುತ್ತದೆ. ಮೇಲಾಗಿ ಕಡಲನೀರಿನಲ್ಲಿರುವ ಸೋಡಿಯಂ ಆಲ್ಜಿನೇಟನ್ನು ಸಡಿಲಿಸಿದರೆ ಕ್ಯಾಲ್ಸಿಯಂ ಬಿಗಿಗೊಳಿಸುತ್ತದೆ.

ಹೀಗಾಗಿ ಸಿಹಿನೀರಿನಲ್ಲಿ ಗೆದ್ದ ಮಣಿಯನ್ನು ಇಲ್ಲಿನ ಕೆರೆಗೆ ತಂದು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅದೇ ಕೆರೆಯ ಆಗಸ್ಟಿನ ನೀರು ಒಂದು ಪಾತ್ರೆಯಲ್ಲಿ, ಮೇ ತಿಂಗಳಿನದು ಇನ್ನೊಂದರಲ್ಲಿ ತುಂಬಿ, ಎರಡರಲ್ಲೂ ಮಣಿ ಎಷ್ಟು ಹೊತ್ತು ಒಡೆಯದೆ ಇರುತ್ತದೆ ಎಂದು ಮೊದಲು ನೋಡಲಿ.