ರಿಪೇರಿ ಅಂಗಡಿ ಕೊಟ್ಟ ನಾದ

1951ರ ಮಾರ್ಚ್ ತಿಂಗಳು. ಐಕ್ ಟರ್ನರ್ ಅವರ ‘ಕಿಂಗ್ಸ್ ಆಫ್ ರಿದಮ್’ ತಂಡ ರೆಕಾರ್ಡಿಂಗ್‌ಗೆಂದು ಮಿಸ್ಸಿಸ್ಸಿಪ್ಪಿಯಿಂದ ಮೆಂಫಿಸ್‌ಗೆ ಹೊರಟಿತ್ತು. ದಾರಿಯಲ್ಲಿ ವಿಲ್ಲಿ ಕಿಜಾರ್ಟ್ ಅವರ ಗಿಟಾರ್ ಆಂಪ್ಲಿಫೈಯರ್‌ಗೆ ಪೆಟ್ಟಾಯಿತು. ಕಾರಿನ ಮೇಲಿಂದ ಬಿತ್ತು ಎಂದು ಕೆಲವರು, ಮಳೆನೀರು ಹೊಕ್ಕಿತು ಎಂದು ಇನ್ನು ಕೆಲವರು ಹೇಳುತ್ತಾರೆ. ಸ್ಟುಡಿಯೊ ತಲುಪಿ ನೋಡಿದರೆ ಸ್ಪೀಕರಿನ ಕೋನ್ ಹಾಳಾಗಿತ್ತು, ರಿಪೇರಿ ಮಾಡಿಸಲು ಹೊತ್ತಿರಲಿಲ್ಲ. ಸ್ಟುಡಿಯೊದ ಮಾಲೀಕ ಸ್ಯಾಮ್ ಫಿಲಿಪ್ಸ್ ಕಾಗದ ಮುದುರಿ ಅದರೊಳಗೆ ತುರುಕಿದರು. ಗಿಟಾರ್ ನುಡಿಸಿದಾಗ ಕಾಗದವೂ ಅದುರಿ, ಸ್ವರಕ್ಕೊಂದು ಗೊರಗೊರ ಸದ್ದು ಅಂಟಿಕೊಂಡಿತು. ಫಿಲಿಪ್ಸ್ ಅದನ್ನು ಮುಚ್ಚಿಡದೆ ಎಲ್ಲರಿಗೂ ಕೇಳುವಂತೆ ಮುಂದಕ್ಕೆ ತಂದರು. ಹಾಗೆ ಮುದ್ರಣವಾದ ‘ರಾಕೆಟ್ 88’ ಅದೇ ವರ್ಷ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇದನ್ನು ಬರಿಯ ಅದೃಷ್ಟ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಕೆಟ್ಟ ಯಂತ್ರದ ಮುಂದೆ ಕೂತು, ಅದು ಹೀಗೇಕೆ ಕೂಗುತ್ತಿದೆ ಎಂದು ಕಿವಿಗೊಟ್ಟವರೇ ಎಲೆಕ್ಟ್ರಿಕ್ ಗಿಟಾರಿಗೆ ಇಂದಿನ ದನಿ ಕೊಟ್ಟವರು. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನಲ್ಲೂ ಹೀಗೇ ಆಯಿತು. ನ್ಯಾಶ್‌ವಿಲ್ ಸ್ಟುಡಿಯೊದ ಮಿಕ್ಸರಿನಲ್ಲಿ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಭಾಗ ಗರಗರ ಎಂದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಟ್ರಾನ್ಸಿಸ್ಟರ್‌ಗಳಿಂದ ಮತ್ತೆ ಕಟ್ಟಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ‘ಫಝ್ ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಆಂಪ್‌ನ ಕಥೆಯೂ ರಿಪೇರಿ ಅಂಗಡಿಯಿಂದಲೇ ಶುರುವಾಗುತ್ತದೆ. ಲಿಯೊ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಅದಕ್ಕೂ ಮುಂಚೆ ಲೆಕ್ಕಪತ್ರ ಬರೆಯುತ್ತಿದ್ದವರು; ಎಲೆಕ್ಟ್ರಾನಿಕ್ಸ್ ತಾವಾಗಿಯೇ ಕಲಿತದ್ದು. ಗಿಟಾರ್ ನುಡಿಸಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ರೇಡಿಯೊಗಳ ಜೊತೆಗೆ ಸಂಗೀತಗಾರರ ಆಂಪ್‌ಗಳೂ ಅಂಗಡಿಗೆ ಬರತೊಡಗಿದವು. ದಿನವೂ ಬಿಚ್ಚಿ ನೋಡುವವರಿಗೆ ಯಾವುದು ಮೊದಲು ಕೆಡುತ್ತದೆ, ಯಾವ ಸ್ಕ್ರೂ ಕೈಗೆ ಸಿಗದೆ ಸತಾಯಿಸುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. 1946ರಲ್ಲಿ ಫೆಂಡರ್ ಸ್ವಂತ ಕಂಪನಿ ಕಟ್ಟಿದ ಮೇಲೆ ಬಂದ ಆಂಪ್‌ಗಳಲ್ಲಿ ಈ ಅನುಭವ ಎದ್ದು ಕಾಣುತ್ತದೆ. ಬಿಡಿಭಾಗಗಳು ಒಂದೇ ಹಲಗೆಯ ಮೇಲೆ ಸಾಲಾಗಿ ಕೂತಿರುತ್ತವೆ. ವಾಲ್ವ್‌ಗಳು ಹಿಂಬದಿಯಿಂದ ಕೈಗೆಟಕುತ್ತವೆ. ಯಾವ ಸಾಕೆಟ್ಟಿಗೆ ಯಾವ ವಾಲ್ವ್ ಎಂದು ತಿಳಿಸುವ ಚೀಟಿ ಪೆಟ್ಟಿಗೆಯ ಒಳಗೇ ಅಂಟಿಕೊಂಡಿರುತ್ತದೆ. ಮುಂದೊಂದು ದಿನ ಇದನ್ನು ಬಿಚ್ಚುವ ಅಪರಿಚಿತನ ಮೇಲೆ ಇಟ್ಟ ಗೌರವ ಅದು.

ಆ ಗೌರವದ ಫಲ ಅಟ್ಲಾಂಟಿಕ್ ದಾಟಿತು. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ವಾದಕ ಜಿಮ್ ಮಾರ್ಷಲ್ ಅವರದ್ದೊಂದು ವಾದ್ಯಗಳ ಅಂಗಡಿ. ಅಮೆರಿಕದಿಂದ ತರಿಸಿದ ಫೆಂಡರ್ ಆಂಪ್‌ಗಳು ಅಲ್ಲಿನ ಹುಡುಗರಿಗೆ ಎಟುಕದಷ್ಟು ದುಬಾರಿ. ಅಂಗಡಿಯಲ್ಲಿ ರಿಪೇರಿ ನೋಡಿಕೊಳ್ಳುತ್ತಿದ್ದ ಕೆನ್ ಬ್ರಾನ್, ನಾವೇ ಯಾಕೆ ಮಾಡಬಾರದು ಎಂದರು. ಡಡ್ಲಿ ಕ್ರೇವನ್ ಎಂಬ ತರುಣ ಜೊತೆಗೂಡಿದರು. ಫೆಂಡರ್‌ನ ‘ಬಾಸ್‌ಮನ್’ ಸರ್ಕ್ಯೂಟನ್ನೇ ಮುಂದಿಟ್ಟುಕೊಂಡು, ಬ್ರಿಟನ್ನಿನಲ್ಲಿ ಸಿಗುವ ಬಿಡಿಭಾಗಗಳಿಂದ ಕಟ್ಟಿದರು. ತೆರೆದ ಪೆಟ್ಟಿಗೆಯ 10 ಇಂಚಿನ ನಾಲ್ಕು ಸ್ಪೀಕರ್‌ಗಳ ಜಾಗಕ್ಕೆ, ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಬಂದವು. 1962ರ ಈ ‘ಜೆಟಿಎಂ 45’ರ ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ ಇದ್ದರೂ ನಾದ ಬೇರೆಯೇ ಆಯಿತು. ಹಾರ್ಡ್ ರಾಕ್ ಬೆಳೆದದ್ದು ಆ ನಾದದ ಮೇಲೆ. ಅದೇ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಆಂಪ್ ರಿಪೇರಿ ಮಾಡುತ್ತಿದ್ದ ರ‍್ಯಾಂಡಲ್ ಸ್ಮಿತ್, ಫೆಂಡರ್‌ನ ಪುಟ್ಟ ‘ಪ್ರಿನ್ಸ್‌ಟನ್’ ಒಳಗೆ ದೊಡ್ಡ ಆಂಪ್‌ನ ಸರ್ಕ್ಯೂಟ್ ಕೂರಿಸಿದರು. ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಅದನ್ನು ನುಡಿಸಿ ಮೆಚ್ಚಿ ಆಡಿದ ಮಾತಿನಿಂದಲೇ ಅದಕ್ಕೆ ‘ಬೂಗಿ’ ಎಂಬ ಹೆಸರು ಬಂತು.

ವಾಲ್ವ್ ರೇಡಿಯೊ ಬಿಚ್ಚಿ ಬಲ್ಲ ನಮ್ಮೂರಿನ ಹಳಬರಿಗೂ ಈ ಆಂಪ್ ಅಪರಿಚಿತವಲ್ಲ. ಒಳಗಿರುವುದು ಅವೇ ವಾಲ್ವ್, ಅವೇ ಕಂಡೆನ್ಸರ್, ಅದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಗುಂಯ್ ಎಂದು ಎಡೆಬಿಡದೆ ಕೊರೆಯುತ್ತಿದ್ದರೆ ಮೊದಲ ಅನುಮಾನ ಫಿಲ್ಟರ್ ಕಂಡೆನ್ಸರ್ ಮೇಲೆ. ನಮ್ಮ 50 ಹರ್ಟ್ಸ್ ವಿದ್ಯುತ್ತನ್ನು ಡಿಸಿ ಮಾಡುವಾಗ ಉಳಿಯುವ 100 ಹರ್ಟ್ಸ್ ಏರಿಳಿತವನ್ನು ಅದು ಅಳಿಸಬೇಕು. ವರ್ಷಗಳು ಕಳೆದು ಒಳಗಿನ ದ್ರಾವಣ ಒಣಗಿದರೆ ಆ ಶಕ್ತಿ ಕುಂದುತ್ತದೆ. ಠಣ್ ಎಂದು ಅನುರಣಿಸುವ ವಾಲ್ವ್ ಯಾವುದೆಂದು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿಯೇ ಪತ್ತೆ ಹಚ್ಚುತ್ತಾರೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 400 ವೋಲ್ಟ್‌ನಷ್ಟು ವಿದ್ಯುತ್ ಉಳಿದಿರಬಹುದು, ಪ್ರಾಣಕ್ಕೇ ಕುತ್ತು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಳ್ಳದೆ ಬಲ್ಲವರು ಕೈ ಹಾಕುವುದಿಲ್ಲ. ಗೊತ್ತಿಲ್ಲದವರಂತೂ ಪೆಟ್ಟಿಗೆ ಬಿಚ್ಚಲೇಬಾರದು.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಕಾರ್ಖಾನೆ 1961ರಿಂದ, ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಯೋಗದಲ್ಲಿ, ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಆ ಕಾಲ ಮುಗಿಯಿತು. ಇವತ್ತು ಹೊಸ ವಾಲ್ವ್‌ಗಳು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರಬೇಕು. ಅಜ್ಜನ ರೇಡಿಯೊ ಗುಜರಿಗೆ ಹೋಗುವ ಹೊತ್ತು ಬಂದರೆ, ಒಳಗಿನ ವಾಲ್ವ್‌ಗಳನ್ನು ಕೆಲಸ ಬಲ್ಲವರಿಂದ ತೆಗೆಸಿ ಒಬ್ಬ ರಿಪೇರಿಯವರ ಕೈಗಿಡಿ. ಅವರು ಟೆಸ್ಟ್ ಮಾಡಿ ನೋಡುತ್ತಾರೆ. ಎಷ್ಟೋ ವಾಲ್ವ್‌ಗಳಲ್ಲಿ ಇನ್ನೂ ಜೀವ ಇರುತ್ತದೆ.