ನಿಮಗಿದು ಗೊತ್ತೇ? ಲಿನಕ್ಸ್‌ನಲ್ಲಿ ತಯಾರಾಗುವ ವಿಂಡೋಸ್ ಲೈಬ್ರರಿಗಳು

ವಿಎಲ್‌ಸಿ ಪ್ಲೇಯರ್‌ನ ವಿಂಡೋಸ್ ಆವೃತ್ತಿ ಕಂಪೈಲ್ ಆಗುವುದು ಲಿನಕ್ಸ್ ಯಂತ್ರದಲ್ಲಿ. ಇದೇ ಕ್ರಾಸ್ ಕಂಪೈಲಿಂಗ್. ಇದಕ್ಕೆ ಬೇಕಾದ ಮುಖ್ಯ ಸಲಕರಣೆಯ ಹೆಸರು ಮಿನ್‌ಜಿಡಬ್ಲ್ಯು-ಡಬ್ಲ್ಯು64. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಒಂದು ಯಂತ್ರದಲ್ಲಿ ಬರೆದು ಇನ್ನೊಂದರಲ್ಲಿ ಓಡಿಸುವುದು ಹೊಸದೇನಲ್ಲ. 1975ರಲ್ಲಿ ಬಿಲ್ ಗೇಟ್ಸ್, ಪಾಲ್ ಆಲನ್ ಸೇರಿ ಆಲ್ಟೇರ್ ಎಂಬ ಕಂಪ್ಯೂಟರಿಗೆ ಬೇಸಿಕ್ ಭಾಷೆಯನ್ನು ಬರೆದಾಗ ಅವರ ಹತ್ತಿರ ಆಲ್ಟೇರ್ ಯಂತ್ರವೇ ಇರಲಿಲ್ಲ! ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರಿನಲ್ಲಿ ಆಲನ್ ಆಲ್ಟೇರ್‌ನಲ್ಲಿದ್ದ 8080 ಚಿಪ್ಪಿನ ಸಿಮ್ಯುಲೇಟರ್ ಬರೆದರು, ಪರೀಕ್ಷೆಯೆಲ್ಲ ಅದರ ಮೇಲೆಯೇ ನಡೆಯಿತು. ನಿಜವಾದ ಆಲ್ಟೇರ್‌ನಲ್ಲಿ ಅದು ಮೊದಲ ಸಲ ಓಡಿದ್ದು ಆಲ್ಬುಕರ್ಕಿಯಲ್ಲಿ, ಯಂತ್ರದ ತಯಾರಕರ ಎದುರಿಗೇ. ಮೈಕ್ರೋಸಾಫ್ಟ್‌ನ ಚರಿತ್ರೆ ಶುರುವಾಗುವುದೇ ಇಲ್ಲಿಂದ.

ಲಿನಕ್ಸ್‌ನಲ್ಲಿ ಹುಟ್ಟಿದ .ಇಎಕ್ಸ್‌ಇ ಫೈಲನ್ನು ಅಲ್ಲೇ ಓಡಿಸಿ ನೋಡಲು ವೈನ್ ಇದೆ. ಅದರ ಕೆಲಸ ಆರಂಭವಾದದ್ದು 1993ರಲ್ಲಿ.

ಆದರೆ ಎರಡು ವ್ಯವಸ್ಥೆಗಳ ನಡುವಿನ ವ್ಯತ್ಯಾಸಗಳು ತೊಡಕು ತರುತ್ತವೆ. 64 ಬಿಟ್ ಲಿನಕ್ಸ್‌ನಲ್ಲಿ ಸಿ ಭಾಷೆಯ 'ಲಾಂಗ್' 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ಪಾಯಿಂಟರನ್ನು ಲಾಂಗ್‌ನಲ್ಲಿ ತುಂಬಿಡುವ ಕೋಡ್ ವಿಂಡೋಸ್‌ನಲ್ಲಿ ಅರ್ಧ ವಿಳಾಸ ಕಳೆದುಕೊಳ್ಳುತ್ತದೆ.

ಲೈಬ್ರರಿ ಸರಿಯಾಗಿ ಕಂಪೈಲ್ ಆದರೂ ಬಿಲ್ಡ್ ಕೆಡುವುದುಂಟು. ಅದಕ್ಕೆ ಒಂದು ಕಾರಣ ಜೊತೆಗಿರುವ ಪರೀಕ್ಷಾ ಪ್ರೋಗ್ರಾಂಗಳು. ಯುನಿಕ್ಸ್ ರೂಢಿಯಂತೆ ಅವುಗಳಲ್ಲಿ ಕೆಲವು ಹೊಸ ಪ್ರೊಸೆಸ್ ಹುಟ್ಟಿಸುವ 'ಫೋರ್ಕ್' ಫಂಕ್ಷನ್ ಕರೆಯುತ್ತವೆ, ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲ. ಬಿಲ್ಡ್ ಸಲಕರಣೆಯಾದ ಆಟೋಮೇಕ್‌ನಲ್ಲಿ ಇವನ್ನು 'ಚೆಕ್ ಪ್ರೋಗ್ರಾಮ್ಸ್' ಪಟ್ಟಿಗೆ ಸೇರಿಸಿದ್ದರೆ 'ಮೇಕ್ ಚೆಕ್' ಅಂದಾಗ ಮಾತ್ರ ಬಿಲ್ಡ್ ಆಗುತ್ತವೆ, ತೊಂದರೆಯಿಲ್ಲ. 'ನೋಇನ್‌ಸ್ಟ್ ಪ್ರೋಗ್ರಾಮ್ಸ್' ಪಟ್ಟಿಯಲ್ಲಿದ್ದರೆ ಬರೀ 'ಮೇಕ್' ಅಂದರೂ ಬಿಲ್ಡ್ ಆಗಲು ಹೊರಡುತ್ತವೆ, ಇಡೀ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಮೇಕ್ ಆಜ್ಞೆಯಲ್ಲೇ ಆ ಪಟ್ಟಿಯನ್ನು ಖಾಲಿ ಮಾಡಿ ಕೊಟ್ಟರೆ ಸಾಕು, ಕೋಡ್ ಮುಟ್ಟುವ ಅಗತ್ಯವೇ ಬೀಳದು. ಸಾಲುಸಾಲು ಪ್ಯಾಚ್ ಹಾಕುವುದಕ್ಕಿಂತ ನನಗೆ ಇದೇ ಮೆಚ್ಚು.

ಬಿಲ್ಡ್‌ಗೆ ಮುನ್ನ ಯಂತ್ರವನ್ನು ಪರಿಶೀಲಿಸುವ ಹಳೆಯ ಕಾನ್ಫಿಗರ್ ಸ್ಕ್ರಿಪ್ಟುಗಳ ಕಥೆ ಇನ್ನೂ ಸ್ವಾರಸ್ಯ. ಸೊನ್ನೆ ಬೈಟ್ ಕೇಳಿದರೆ ಮೆಮೊರಿ ಒದಗಿಸುವ 'ಮ್ಯಾಲಾಕ್' ಫಂಕ್ಷನ್ ಏನು ಕೊಡುತ್ತದೆಂದು ತಿಳಿಯಲು ಅವು ಒಂದು ಪುಟ್ಟ ಪ್ರೋಗ್ರಾಂ ಓಡಿಸಿ ನೋಡುತ್ತವೆ. ಕ್ರಾಸ್ ಕಂಪೈಲಿಂಗ್‌ನಲ್ಲಿ ಅವು ಹಾಗೆ ಓಡಿಸಿ ನೋಡುವುದಿಲ್ಲ, ಹಾಗಾಗಿ 'ಸರಿಯಿಲ್ಲ' ಎಂದೇ ಊಹಿಸಿ, ಮ್ಯಾಲಾಕ್ ಎಂದಿದ್ದಲ್ಲೆಲ್ಲ 'ಆರ್‌ಪಿಎಲ್_ಮ್ಯಾಲಾಕ್' ಎಂದು ಬದಲಿಸಿಬಿಡುತ್ತವೆ. ಆ ಹೆಸರಿನ ಫಂಕ್ಷನ್ ಅನ್ನು ಯಾರೂ ಬರೆದಿರುವುದಿಲ್ಲ, ಲಿಂಕ್ ಮಾಡುವಾಗ ದೋಷ ಎದ್ದು ಕೂರುತ್ತದೆ. ಮ್ಯಾಲಾಕ್ ಸರಿಯಿದೆಯೇ ಎಂಬುದಕ್ಕೆ ಉತ್ತರ 'ಹೌದು' ಎಂದು ಮೊದಲೇ ಹೇಳಿಕೊಟ್ಟರೆ ಪರಿಹಾರ.

ವಿಂಡೋಸ್‌ನ ಹಳೆಯ ಸಿ ರನ್‌ಟೈಮ್ 1e+10 ಎಂಬುದನ್ನು 1e+010 ಎಂದು ಮುದ್ರಿಸುತ್ತದೆ. ಲೆಕ್ಕ ಸರಿ, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಪರೀಕ್ಷೆ ಫೇಲು!

'ಎಯುಎಕ್ಸ್.ಸಿ' ಎಂಬ ಫೈಲು ಲಿನಕ್ಸ್‌ನಲ್ಲಿ ನಿರಾಳವಾಗಿರುತ್ತದೆ. ವಿಂಡೋಸ್‌ನಲ್ಲಿ 'ಎಯುಎಕ್ಸ್' ಎಂಬ ಹೆಸರು ಡಾಸ್ ಕಾಲದಿಂದಲೂ ಸಾಧನಗಳಿಗೆ ಮೀಸಲು.

ಪರೀಕ್ಷೆಗಳನ್ನು ಬಿಟ್ಟು ಬಿಲ್ಡ್ ಮಾಡಬಹುದು, ಆದರೆ ಅವನ್ನು ಓಡಿಸದೆ ಲೈಬ್ರರಿಯನ್ನು ಹಂಚುವುದು ಬೇಡ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಲೈಬ್ರರಿಯನ್ನೇ ನೋಡಿ, ಕನ್ನಡಕ್ಕೆಂದೇ ಬರೆದ ಪರೀಕ್ಷೆಗಳು ಅದರಲ್ಲಿವೆ. ಅದನ್ನು ಕಟ್ಟುವ ಮೆಸನ್‌ನಲ್ಲಿ 'ಇಎಕ್ಸ್‌ಇ ರ‍್ಯಾಪರ್' ಎಂಬ ಸೌಲಭ್ಯವಿದೆ. ಅಲ್ಲಿ ವೈನ್ ಹೆಸರು ಕೊಟ್ಟರೆ, ವಿಂಡೋಸ್‌ಗಾಗಿ ಕಟ್ಟಿದ ಪರೀಕ್ಷಾ ಪ್ರೋಗ್ರಾಂಗಳು ಲಿನಕ್ಸ್‌ನಲ್ಲೇ ಓಡುತ್ತವೆ.