ಮೂಸಿ ಮುಖ ತಿರುಗಿಸುವ ಆಕಳಿಗೆ ಅಜೋಲ್ಲಾ ರೂಢಿ ಮಾಡಿಸುವುದು ಹೇಗೆ?



ಅಜೋಲ್ಲಾ ತೊಟ್ಟಿ ಮಾಡಿ, ಮೊದಲ ಬುಟ್ಟಿ ತಂದು ಗೋದಲಿಗೆ ಸುರಿದ ದಿನ ಆಕಳು ಮೂಸಿ ನೋಡಿ ಮುಖ ತಿರುಗಿಸುತ್ತದೆ. "ನಮ್ಮ ಆಕಳು ಇದನ್ನ ತಿನ್ನೋದಿಲ್ಲ ಡಾಕ್ಟ್ರೇ" ಎಂದು ಎರಡೇ ದಿನಕ್ಕೆ ತೊಟ್ಟಿಯನ್ನು ಕೈಬಿಟ್ಟವರು ಮುನಿರಾಬಾದ್ ಸುತ್ತಮುತ್ತ ಇದ್ದಾರೆ. ಅವಸರ ಬೇಡ.

ದನಗಳು ಹೊಸ ಮೇವನ್ನು ತಕ್ಷಣ ನಂಬುವುದಿಲ್ಲ. ವಿಷದ ಗಿಡಗಳಿಂದ ಅವುಗಳನ್ನು ಕಾಪಾಡುವುದೂ ಈ ಅನುಮಾನವೇ. ಮೇಲಾಗಿ ಅಜೋಲ್ಲಾ ಬೆಳೆಯುವುದು ಸಗಣಿ ಹಾಕಿದ ನೀರಿನಲ್ಲಿ. ಆ ವಾಸನೆ ಉಳಿದರೆ ಆಕಳು ಬಾಯಿ ಹಾಕುವುದಿಲ್ಲ. ಪುಂಡಿಪಲ್ಯದ ಹುಳಿಗೆ ಮುಖ ಕಿವುಚುವ ಮಗುವಿಗೆ ರೊಟ್ಟಿಯ ಜೊತೆ ಸ್ವಲ್ಪ ಸ್ವಲ್ಪವೇ ತಿನ್ನಿಸುತ್ತೀರಲ್ಲ, ಇಲ್ಲಿಯೂ ಅದೇ ಉಪಾಯ.

ಗಂಗಾವತಿ ಕಡೆಯ ಭತ್ತದ ಹುಲ್ಲು, ಕುಷ್ಟಗಿ-ಯಲಬುರ್ಗಾ ಕಡೆಯ ಜೋಳದ ಕಣಿಕೆ ಎರಡರಲ್ಲೂ ಪ್ರೋಟೀನ್ ಕಡಿಮೆ. ಒಣತೂಕದ ಲೆಕ್ಕದಲ್ಲಿ ಅಜೋಲ್ಲಾದಲ್ಲಿ ಶೇ. 20ಕ್ಕೂ ಹೆಚ್ಚು ಪ್ರೋಟೀನ್ ಇದೆ. ಆದರೆ ಹಸಿ ಅಜೋಲ್ಲಾದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ಇರುವುದರಿಂದ ಅದು ಪೂರಕ ಮೇವು ಮಾತ್ರ. ಹಿಂಡಿ, ಹಸಿಮೇವು ನಿಲ್ಲಿಸಬೇಡಿ.

ರೂಢಿ ಮಾಡಿಸುವ ಕ್ರಮ:

1. ಜರಡಿಯಂಥ ಬುಟ್ಟಿಯಲ್ಲಿ ತೆಗೆದು, ವಾಸನೆ ಹೋಗುವವರೆಗೆ ಶುದ್ಧ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು, ನೀರು ಬಸಿಯಿರಿ.
2. ಮೊದಲ ಮೂರು ದಿನ ಒಂದು ಹಿಡಿ ಮಾತ್ರ. ಅದನ್ನು ಪಶು ಆಹಾರದಲ್ಲಿ ಚೆನ್ನಾಗಿ ಕಲಸಿ, ಹಾಲು ಕರೆಯುವ ಹೊತ್ತಿಗೆ ಕೊಡಿ.
3. ತಿಂದರೆ ಎರಡು-ಮೂರು ದಿನಕ್ಕೊಮ್ಮೆ ಪ್ರಮಾಣ ಹೆಚ್ಚಿಸಿ. ಬಿಟ್ಟರೆ ಹಿಂದಿನ ಪ್ರಮಾಣಕ್ಕೆ ಇಳಿಸಿ.
4. ಎರಡು ವಾರದ ನಂತರ ಪಶು ಆಹಾರದಷ್ಟೇ ತೂಕದ ಅಜೋಲ್ಲಾ ಬೆರೆಸಬಹುದು. ದೊಡ್ಡ ಆಕಳಿಗೆ ದಿನಕ್ಕೆ 1.5ರಿಂದ 2 ಕಿಲೋ ಸಾಕು.
5. ರೂಢಿಯಾದ ಆಕಳಿನ ಪಕ್ಕದಲ್ಲೇ ಹೊಸ ಆಕಳನ್ನು ಕಟ್ಟಿ. ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ.

ಗೋದಲಿಯಲ್ಲಿ ಉಳಿದದ್ದನ್ನು ಅಂದೇ ತೆಗೆಯಿರಿ. ಹಳಸಿದ ವಾಸನೆ ಒಮ್ಮೆ ಬಡಿದರೆ ಮರುದಿನ ಒಳ್ಳೆಯದನ್ನೂ ಬಿಡುತ್ತದೆ. ಬೇಸಿಗೆಯಲ್ಲಿ ತೊಟ್ಟಿಗೆ ನೆರಳು ಮಾಡಿ, ಬಿಸಿಲಿಗೆ ಅಜೋಲ್ಲಾ ಸೊರಗುತ್ತದೆ.

"ಹಸಿದರೆ ತಾನೇ ತಿಂತದ" ಎಂದು ಉಪವಾಸ ಮಾತ್ರ ಕೆಡವಬೇಡಿ. ಕರೆಯುವ ಆಕಳು ಹಸಿದರೆ ಹಾಲು ಇಳಿಯುತ್ತದೆ; ಹೊಸದಾಗಿ ಕರು ಹಾಕಿದ ಆಕಳಿಗೆ ಕೀಟೋಸಿಸ್ ಬರಬಹುದು.

ಕೊನೆಯದಾಗಿ, ಹಟ ಯಾವುದು, ರೋಗ ಯಾವುದು ಎಂದು ಗುರುತಿಸಿ. ಅಜೋಲ್ಲಾ ಬಿಟ್ಟು ಹುಲ್ಲು, ಹಿಂಡಿ ತಿನ್ನುತ್ತ ಮೆಲುಕು ಹಾಕುತ್ತಿದ್ದರೆ ಅದು ಹಟ, ಕಾಯಿರಿ. ದಿನವೂ ತಿನ್ನುವ ಮೇವನ್ನೇ ಬಿಟ್ಟು, ಮೆಲುಕು ನಿಲ್ಲಿಸಿ, ಹಾಲು ತಟ್ಟನೆ ಇಳಿದರೆ ಅದು ರೋಗ. ಅಂದೇ ಪಶುವೈದ್ಯರಿಗೆ ತಿಳಿಸಿ.